ಹಟ್ಟಿ ಗೇಟಿನ ಏಳು ಕಲ್ಲು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಬಸ್ಸಿನ ಕೆಲಸದಲ್ಲಿ ಇಂಥವರಿಗೆ ಬರವಿಲ್ಲ. ಮಾರಿಕಣಿವೆ ತಿರುವಿನಲ್ಲಿ ಬಿಳಿ ಸೀರೆಯವಳು ಕೈ ಅಡ್ಡ ಹಾಕಿದಳು, ಹತ್ತಿಸಿಕೊಂಡರೆ ಮುಂದಿನ ಊರು ಬರುವಷ್ಟರಲ್ಲಿ ಸೀಟಿನಲ್ಲಿ ಇರಲಿಲ್ಲ ಎಂದು ಒಬ್ಬ ಡ್ರೈವರ್ ಹೇಳಿದರೆ, ಇನ್ನೊಬ್ಬನಿಗೆ ಅದಕ್ಕಿಂತ ಬಿಳಿಯ ಸೀರೆಯವಳೇ ಸಿಕ್ಕಿರುತ್ತಿದ್ದಳು. "ಟಿಕೆಟ್ ಹರಿದಿದ್ರಾ ಅವಳಿಗೆ?" ಎಂದು ನಾನು ಕೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗಿದ್ದ ನಾನೇ ಈಗ ಇದನ್ನು ಬರೆಯಲು ಕುಳಿತಿದ್ದೇನೆ. ಓದಿದವರು ನನಗೂ ಅಂಥದೇ ಪ್ರಶ್ನೆ ಕೇಳಬಹುದು, ಕೇಳಲಿ. ನನ್ನ ಹತ್ತಿರ ಸಿಟ್ಟು ಮಾತ್ರ ಇದೆ, ಅದೂ ಯಾರ ಮೇಲೆ ಎಂದು ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹೊಸದುರ್ಗದಿಂದ ಹಿರಿಯೂರಿಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿದ್ದೆ. ಆಗ ಆ ರಸ್ತೆಯಲ್ಲಿ ದಿನಕ್ಕೆ ಬೆರಳೆಣಿಕೆಯಷ್ಟು ಬಸ್ಸುಗಳು. ಫೋನು ಊರಿಗೊಂದು ಇದ್ದರೆ ಹೆಚ್ಚು. ಬಾಣಂತಿಯ ಔಷಧಿ, ಹಾಸ್ಟೆಲ್ಲಿನ ಹುಡುಗರ ಬುತ್ತಿ, ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಎಲ್ಲವೂ ನಮ್ಮ ಕೈಯಲ್ಲೇ ಹೋಗಬೇಕು. ಎದುರುಬದುರಾದ ಎರಡು ಬಸ್ಸುಗಳು ರಸ್ತೆ ಮಧ್ಯೆ ಕಿಟಕಿಗೆ ಕಿಟಕಿ ತಾಗುವಂತೆ ನಿಂತು ಚೀಟಿ ಬದಲಾಯಿಸಿಕೊಂಡು ಹೊರಡುತ್ತಿದ್ದವು. ಇಷ್ಟು ಊರಿನ ಜನ ನಮ್ಮ ದಾರಿ ಕಾಯುತ್ತಿರುವಾಗ ಇಪ್ಪತ್ತಾರು ವರ್ಷದವನ ತಲೆ ನೆಟ್ಟಗಿರುವುದು ಕಷ್ಟ. ನನ್ನದಂತೂ ನೆಟ್ಟಗಿರಲಿಲ್ಲ.

ಕಂಡಕ್ಟರನಿಗೆ ಎರಡೇ ಮಾತು ಗೊತ್ತಿದ್ದರೆ ಸಾಕು. ನಿಲ್ಲಿಸಲು 'ಹೋಲ್ಡಾನ್', ಹೊರಡಲು 'ರೈಟ್'. ಡ್ರೈವರ್ ಹಿಂದೆ ತಿರುಗಿ ನೋಡುವುದಿಲ್ಲ, ಕೂಗು ಕೇಳಿದರೆ ಕಾಲು ತಾನಾಗಿ ಒತ್ತುತ್ತದೆ. ನನ್ನ ಗಂಟಲು ದೊಡ್ಡದು. ನಾನು ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದು 'ರೈಟ್' ಎಂದರೆ ಅರ್ಧ ಸ್ಟ್ಯಾಂಡಿಗೆ ಕೇಳುತ್ತಿತ್ತು. ನಮ್ಮ ಹಿಂದೆ ಹತ್ತು ನಿಮಿಷಕ್ಕೆ ಬೇರೆ ಕಂಪನಿಯ ಬಸ್ಸು ಬರುತ್ತಿದ್ದರಿಂದ ನಮ್ಮ ಬಸ್ಸಿನ ಸಾಹುಕಾರರಿಗೆ ದೊಡ್ಡ ಊರುಗಳ ಮೇಲೆ ಕಣ್ಣು. ಸಣ್ಣ ಹಟ್ಟಿಗಳ ಹತ್ತಿರ ನಿಲ್ಲಿಸಿ ಹೊತ್ತು ಕಳೆಯುವ ಕಂಡಕ್ಟರ್ ಅವರಿಗೆ ಬೇಕಿರಲಿಲ್ಲ. ನಾನು ಅವರಿಗೆ ಬಹಳ ಬೇಕಾದವನಾಗಿದ್ದೆ.

ಆ ದಾರಿಯ ನಡುವೆ ಒಂದು ಸ್ಟಾಪು ಇತ್ತು. ನಿಜವಾದ ಹೆಸರು ಬರೆದರೆ ಅಲ್ಲಿನವರಿಗೆ ಗೊತ್ತಾಗುತ್ತದೆ, ಹಾಗಾಗಿ ಹಟ್ಟಿ ಗೇಟ್ ಎಂದೇ ಕರೆಯುತ್ತೇನೆ. ಕುರಿ ಸಾಕುವವರ ಹಟ್ಟಿ ಅಲ್ಲಿಂದ ಎರಡು ಮೈಲಿ ಒಳಗೆ. ರಸ್ತೆ ಬದಿಯಲ್ಲಿ ನೆರಳಿಗೆ ಏನೂ ಇಲ್ಲ, ಜಾಲಿ ಮತ್ತು ಬಂಡೆ. ಇರುವ ಒಂದೇ ಬೇವಿನ ಮರ ಹೊಲದೊಳಗೆ ದೂರದಲ್ಲಿದೆ. ಬಸ್ಸು ಯಾವಾಗ ಬರುತ್ತದೋ, ಬಿಸಿಲಲ್ಲಿ ಸಾಲು ನಿಲ್ಲುವುದು ಯಾರಿಂದಾಗುತ್ತದೆ? ಅದಕ್ಕೆ ಆ ಜನ ಒಂದು ಪದ್ಧತಿ ಮಾಡಿಕೊಂಡಿದ್ದರು. ಬಂದವರು ಬಂದ ಹಾಗೆ ರಸ್ತೆ ಅಂಚಿನಲ್ಲಿ ಒಂದೊಂದು ಕಲ್ಲು ಇಟ್ಟು ಮರದ ಕೆಳಗೆ ಹೋಗಿ ಕೂರುವುದು. ಬಸ್ಸಿನ ಸದ್ದು ಕೇಳಿದ ಕೂಡಲೇ ಎದ್ದು ಬಂದು ಅವರವರ ಕಲ್ಲಿನ ಹತ್ತಿರ ನಿಲ್ಲುವುದು. ಹತ್ತುವಾಗ ತಮ್ಮ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಹತ್ತುವುದು. ಸಾಲಿನಲ್ಲಿ ಕಲ್ಲು ಉಳಿದಿದೆ ಎಂದರೆ ಯಾರೋ ಇನ್ನೂ ಕಾಯುತ್ತಿದ್ದಾರೆ ಎಂದು ಲೆಕ್ಕ. ಬೇರೆ ಕಡೆ ಬಾಗಿಲಲ್ಲಿ ಜುಟ್ಟು ಹಿಡಿದು ಜಗಳವಾಗುತ್ತಿದ್ದರೆ ಇಲ್ಲಿ ಮಾತ್ರ ತುಟಿ ಪಿಟಕ್ಕೆನ್ನದೆ ಹತ್ತುತ್ತಿದ್ದರು. ನಾನು ಅವರನ್ನು 'ಕಲ್ಲು ಪಾರ್ಟಿ' ಎಂದು ಆಡಿಕೊಳ್ಳುತ್ತಿದ್ದೆ.

ಇಲ್ಲಿ ಒಂದು ವಿಷಯ ಮುಚ್ಚಿಟ್ಟರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಹಾಗಾಗಿ ಹೇಳಿಬಿಡುತ್ತೇನೆ. ಆ ಬೇಸಿಗೆಯ ಶುರುವಿನಲ್ಲಿ ಒಂದು ಮಧ್ಯಾಹ್ನ ನಮ್ಮ ಬಸ್ಸು ಹಟ್ಟಿ ಗೇಟಿನಲ್ಲಿ ಇಬ್ಬರನ್ನು ಇಳಿಸಲು ನಿಂತಿತು. ಕೆಳಗೆ ಒಂದಷ್ಟು ಜನ ಕಲ್ಲಿನ ಹತ್ತಿರ ನಿಂತಿದ್ದರು. ಎಷ್ಟು ಜನ ಎಂದು ನಾನು ನೋಡಲಿಲ್ಲ. ಎಲ್ಲರಿಗಿಂತ ಮುಂದೆ ಸೊಂಟದ ಮೇಲೆ ಕೂಸು ಇದ್ದ ಒಬ್ಬ ಹೆಂಗಸು. ಬಸ್ಸಿನಲ್ಲಿ ಜಾಗ ಕಡಿಮೆ ಇತ್ತು, ಇರಲೇ ಇಲ್ಲ ಎನ್ನುವಂತಿರಲಿಲ್ಲ. "ಮಗಿಗೆ ಜ್ವರ ಅಣ್ಣ, ಹಿರಿಯೂರು ಆಸ್ಪತ್ರೆ," ಎಂದು ಆಕೆ ಕೂಸನ್ನು ಎತ್ತಿ ತೋರಿಸಿದಳು. ಹಿಂದಿನ ಬಸ್ಸಿನ ಹಾರನ್ ಕೇಳಿಸಿತು. "ಹಿಂದೆ ಖಾಲಿ ಗಾಡಿ ಬರ್ತೈತೆ, ಅದಕ್ಕೆ ಬರ್ರಿ," ಎಂದು ಹೇಳಿ ನಾನು ರೈಟ್ ಎಂದೆ. ಹಿಂದಿನದು ಖಾಲಿ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಅದು ನಿಂತಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಅಲ್ಲಿಂದಾಚೆ ಹಟ್ಟಿಯ ಜನ ನನ್ನ ಜೊತೆ ಮಾತು ಬಿಟ್ಟರು. ಚಿಲ್ಲರೆ ಕೊಡುವಾಗ ಕೈಗೆ ಕೈ ತಾಗದಂತೆ ಕೊಡುತ್ತಿದ್ದರು. ಒಬ್ಬ ಮುದುಕಿ ನಾನು ಟಿಕೆಟ್ ಕೊಟ್ಟಾಗ ಅದನ್ನು ಸೆರಗಿನಿಂದ ಒರೆಸಿಕೊಂಡಳು. ನನಗೂ ಹಟ ಬಂತು. ನಾನೇನು ಅವರ ಮನೆಯ ಆಳೇ ಎಂದು ಅವರ ಸ್ಟಾಪಿನಲ್ಲಿ ಇನ್ನೂ ಕಡಿಮೆ ನಿಲ್ಲಿಸಿದೆ. ಆ ಕೂಸು ಏನಾಯಿತು ಎಂದು ಕೇಳುವುದಕ್ಕೆ ಹತ್ತು ಸಲ ಅವಕಾಶವಿತ್ತು, ಒಮ್ಮೆಯೂ ಕೇಳಲಿಲ್ಲ.

ಆಗ ನನ್ನ ಹೆಂಡತಿ ರತ್ನ ಚೊಚ್ಚಲ ಹೆರಿಗೆಗೆ ಬಬ್ಬೂರಿನ ತವರುಮನೆಗೆ ಹೋಗಿದ್ದಳು. ನಮ್ಮ ಮಾವ ಅಲ್ಲಿನ ಕೃಷಿ ಫಾರಂನಲ್ಲಿ ಕೂಲಿ ಕೆಲಸಕ್ಕಿದ್ದರು. ಒಂದು ದಿನ ನಾನು ಹೊಸದುರ್ಗದ ಸ್ಟ್ಯಾಂಡಿನಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಹಿರಿಯೂರಿನಿಂದ ಬಂದ ಬಸ್ಸಿನವನು ಮಾವ ಬರೆಸಿದ್ದ ಚೀಟಿ ಕೈಗಿತ್ತ. ಹೆಣ್ಣು ಮಗು ಹುಟ್ಟಿದೆ, ರತ್ನನಿಗೆ ರಕ್ತ ನಿಲ್ಲುತ್ತಿಲ್ಲ, ಹಿರಿಯೂರಿನ ಆಸ್ಪತ್ರೆಗೆ ತಂದಿದ್ದೇವೆ, ನಮ್ಮ ಯಾರ ರಕ್ತವೂ ಹೊಂದಲಿಲ್ಲ, ಕೂಡಲೇ ಬಾ. ಇಷ್ಟೇ. ಹಿಂದೊಮ್ಮೆ ಬಸ್ಸು ಗುದ್ದಿ ಪ್ರಯಾಣಿಕರಿಗೆ ಗಾಯವಾದಾಗ ನನ್ನ ರಕ್ತ ಪರೀಕ್ಷೆ ಮಾಡಿ, ಇದು ಯಾರಿಗಾದರೂ ಆಗುತ್ತದೆ ಎಂದಿದ್ದರು. ಅದು ಮಾವನಿಗೆ ಗೊತ್ತಿತ್ತು. ಚೀಟಿ ಬರೆದದ್ದು ಬೆಳಗ್ಗೆ, ನನ್ನ ಕೈಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ.

ಟಿಕೆಟ್ ಚೀಲವನ್ನು ಸ್ಟ್ಯಾಂಡಿನ ಏಜೆಂಟರ ಕೈಗೆ ಕೊಟ್ಟು ಹೊರಗೆ ಬಂದರೆ ಹಿರಿಯೂರಿನ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದು ನಮ್ಮ ಕಂಪನಿಯದೇ, ರುದ್ರಪ್ಪ ಎನ್ನುವ ಡ್ರೈವರನದು, ಹೊರಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಅಲ್ಲಿ ಕೈಕಟ್ಟಿ ಕೂರಲು ನನ್ನಿಂದಾಗಲಿಲ್ಲ. ಕಲ್ಲಿನ ಲಾರಿಯೊಂದು ಹೊರಟಿತ್ತು. ಅರ್ಧ ದಾರಿಯಲ್ಲಿ, ಹಟ್ಟಿ ಗೇಟಿನಿಂದ ಕ್ವಾರಿ ಕಡೆ ತಿರುಗುತ್ತೇನೆ ಎಂದ ಅದರ ಡ್ರೈವರ್. ಬಿಡಪ್ಪ, ಅರ್ಧ ದಾರಿಯಾದರೆ ಅರ್ಧ ದಾರಿ ಎಂದು ಹತ್ತಿಕೊಂಡೆ. ಬೇರೆಯವರಾಗಿದ್ದರೆ ಸ್ಟ್ಯಾಂಡು ಬಿಡುತ್ತಿರಲಿಲ್ಲ. ಆದರೆ ನಾನು ಬಸ್ಸಿನವನು. ನಡುರಸ್ತೆಯಲ್ಲಿ ಎಲ್ಲಿ ನಿಂತರೂ ನನಗೆ ಬಸ್ಸು ನಿಲ್ಲುತ್ತದೆ ಎನ್ನುವ ಕೊಬ್ಬು. ನಮ್ಮ ಕಂಪನಿಯದಿರಲಿ, ಬೇರೆಯದಿರಲಿ, ಸ್ಟಾಫನ್ನು ಬಿಟ್ಟು ಹೋದ ಬಸ್ಸು ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಹಟ್ಟಿ ಗೇಟಿನಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲೆ ಇತ್ತು. ರಸ್ತೆ ಅಂಚಿನಲ್ಲಿ ಏಳು ಕಲ್ಲು ಸಾಲಾಗಿ ಇದ್ದವು. ಮರದ ಕಡೆ ನೋಡಿದೆ, ಕೆಳಗೆ ಯಾರೂ ಇಲ್ಲ. ಹೊಲ ಬಟಾಬಯಲು, ಒಬ್ಬ ನರಮನುಷ್ಯನ ಸುಳಿವಿಲ್ಲ. ಮೊದಲು ಹೋದ ಬಸ್ಸಿಗೆ ಹತ್ತಿದವರು ಕಲ್ಲು ಸರಿಸದೆ ಹೋಗಿದ್ದಾರೆ ಎಂದುಕೊಂಡು ನಾನು ಅವುಗಳಿಗಿಂತ ಮುಂದೆ ಹೋಗಿ ನಿಂತೆ.

ಮೊದಲು ಬಂದದ್ದು ರುದ್ರಪ್ಪನ ಬಸ್ಸು. ಹೊಸದುರ್ಗದಲ್ಲಿ ಕಾದಿದ್ದರೆ ನಾನೇ ಅದರೊಳಗೆ ಇರುತ್ತಿದ್ದೆ. ದೂರದಿಂದಲೇ ಕೈ ಎತ್ತಿದೆ. ರುದ್ರಪ್ಪ ನನ್ನ ಮದುವೆಯಲ್ಲಿ ಬಡಿಸಲು ನಿಂತಿದ್ದ ಸ್ನೇಹಿತ. ಬಸ್ಸು ಸ್ವಲ್ಪ ನಿಧಾನವಾಯಿತು, ಅವನ ಮುಖ ನನಗೆ ಸ್ಪಷ್ಟವಾಗಿ ಕಂಡಿತು. ಅವನು ನನ್ನ ಕಡೆ ನೋಡಿದ, ಆಮೇಲೆ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ 'ಜಾಗ ಇಲ್ಲ' ಎನ್ನುವ ಹಾಗೆ ಆಡಿಸಿ ಹೊರಟೇಹೋದ. ನಾನು ಹೆಸರು ಹಿಡಿದು ಕೂಗುತ್ತ ಓಡಿದೆ. ಧೂಳು ಬಾಯಿಗೆ ಬಂತು.

ಅಪಮಾನ ಎಂದರೆ ಏನು ಎಂದು ಗೊತ್ತಾಯಿತು. ತಿರುಗಿ ಬಂದವನು ಸಿಟ್ಟು ತಡೆಯಲಾರದೆ ಮೊದಲ ಎರಡು ಕಲ್ಲುಗಳನ್ನು ಒದ್ದೆ. ಒಂದು ಚರಂಡಿಗೆ ಬಿತ್ತು, ಇನ್ನೊಂದು ರಸ್ತೆಯ ಆಚೆಗೆ ಉರುಳಿತು. ನಡೆದುಬಿಡೋಣವೇ ಎಂದುಕೊಂಡೆ. ಹಿರಿಯೂರಿಗೆ ಹದಿನೈದು ಮೈಲಿಗಿಂತ ಹೆಚ್ಚು. ನಡೆಯುತ್ತಾ ಹೋದರೆ ಸಂಜೆ ಕಳೆಯುತ್ತದೆ. ಒಂದು ಜೀಪು ಬಂತು, ಅಡ್ಡ ಹಾಕಿದೆ, ನಿಲ್ಲಲಿಲ್ಲ. ಚೀಟಿಯನ್ನು ತೆಗೆದು ತೆಗೆದು ಓದಿದೆ. 'ರಕ್ತ ನಿಲ್ಲುತ್ತಿಲ್ಲ' ಎನ್ನುವ ಸಾಲು ಬಿಟ್ಟರೆ ಬೇರೇನೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ಹೊತ್ತಿಗೆ ಒಬ್ಬ ಮುದುಕ ಕುರಿ ಮಂದೆ ಹೊಡೆದುಕೊಂಡು ರಸ್ತೆ ದಾಟಲು ಬಂದ. ಹೆಗಲ ಮೇಲೆ ಕರಿ ಕಂಬಳಿ. ಕುರಿಗಳು ನುಗ್ಗಿ ಬಂದವು, ಆದರೆ ಕಲ್ಲಿನ ಸಾಲಿನ ಹತ್ತಿರ ಬಂದ ಕೂಡಲೇ ಎರಡು ಪಾಲಾಗಿ ಆ ಕಡೆ ಈ ಕಡೆ ಸುತ್ತಿ ಹೋದವು. ಸಾಲಿನ ಉದ್ದಕ್ಕೂ ಒಂದು ಆಳು ನಿಲ್ಲುವಷ್ಟು ಅಗಲದ ಜಾಗವನ್ನು ಒಂದು ಮರಿಯೂ ತುಳಿಯಲಿಲ್ಲ. ಕುರಿ ಬುದ್ಧಿ ಎಂದುಕೊಂಡೆ. ಆಗ ನನಗೆ ಅದರ ಬಗ್ಗೆ ಬೇರೇನೂ ಅನಿಸಲಿಲ್ಲ ಎನ್ನುವುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಮುದುಕ ಮಾತ್ರ ನಿಂತ. ಚರಂಡಿಗೆ ಇಳಿದು ನಾನು ಒದ್ದ ಕಲ್ಲನ್ನು ಹುಡುಕಿ ತಂದ, ಆಚೆ ಬಿದ್ದದ್ದನ್ನೂ ತಂದ. ಎರಡನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟ.

"ಯಾಕಪ್ಪ ಒದ್ದೆ?" ಎಂದ.

"ಯಾರೂ ಇಲ್ವಲ್ಲಜ್ಜ. ಬರೇ ಕಲ್ಲು."

"ಯಾರೂ ಇಲ್ಲ ಅಂತ ನೀನು ಹೆಂಗೆ ಹೇಳ್ತೀಯ? ಕಲ್ಲು ಐತಲ್ಲ." ನನ್ನ ಖಾಕಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. "ನೀನು ಆ ರೈಟ್ ಅನ್ನೋನಲ್ವಾ?"

ನಾನು ಬಸ್ಸು ಬರುವ ದಿಕ್ಕಿಗೆ ತಿರುಗಿದೆ.

"ನಿನ್ನ ಕಲ್ಲು ಎಲ್ಲೈತೆ?"

"ನಂಗ್ಯಾಕಜ್ಜ ಕಲ್ಲು? ನಾನು ಬಸ್ಸಿನೋನು. ಹೆಂಡ್ತಿಗೆ ಸೀರಿಯಸ್ಸಾಗೈತೆ, ನಾನು ಹೋಗ್ಬೇಕು."

"ಎಲ್ರೂ ಹೋಗ್ಬೇಕು," ಎಂದ ಮುದುಕ. "ಇಲ್ಲಿ ನಿಂತೋರು ಯಾರೂ ಸುಮ್ಕೆ ನಿಂತಿರಲ್ಲ. ಪಾಳಿ ಐತೆ ಇಲ್ಲಿ. ಹಿಂದಕ್ಕೆ ಹೋಗಿ ಕಲ್ಲಿಡು."

ಅವನ ದನಿಯಲ್ಲಿ ಮರುಕ ಎಂಬುದು ಒಂದು ಚೂರೂ ಇರಲಿಲ್ಲ. ಕುರಿಗಳ ಹಿಂದೆ ಹೊರಟುಹೋದ. ಆ ಕೂಸಿನ ವಿಚಾರ ಕೇಳಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಕೇಳಿದ್ದರೆ ಅವನು ಹೇಳುತ್ತಿದ್ದ. ಅದೇ ಭಯಕ್ಕೆ ಕೇಳಲಿಲ್ಲ.

ಎರಡನೆಯ ಬಸ್ಸು ಬೇರೆ ಕಂಪನಿಯದು. ಈ ಸಲ ನಾನು ರಸ್ತೆಯ ನಡುವೆಯೇ ನಿಂತೆ, ಎರಡೂ ಕೈ ಅಗಲಿಸಿ. ಗುದ್ದಿದರೆ ಗುದ್ದಲಿ ಎನ್ನುವ ಸ್ಥಿತಿ. ಬಸ್ಸು ಹಾರನ್ ಹೊಡೆಯುತ್ತ ಬಂತು, ನನ್ನನ್ನು ಮಾತ್ರವಲ್ಲ, ಆ ಜಾಗವನ್ನೇ ದೊಡ್ಡದಾಗಿ ಬಳಸಿಕೊಂಡು ಆಚೆ ಬದಿಯ ಮಣ್ಣಿಗೆ ಎರಡು ಚಕ್ರ ಇಳಿಸಿ ಹೋಯಿತು. ಒಬ್ಬ ಮನುಷ್ಯನನ್ನು ತಪ್ಪಿಸಲು ಅಷ್ಟು ದೂರ ಹೋಗಬೇಕಿರಲಿಲ್ಲ. ಡ್ರೈವರ್ ಕಿಟಕಿಯಿಂದ ಬೈದದ್ದು ಕೇಳಿಸಿತು. "ಸಾಯೋಕೆ ಬಂದಿದೀರೇನ್ರೋ ಎಲ್ರೂ," ಎಂದ. ಎಲ್ಲರೂ ಎಂದದ್ದನ್ನು ನಾನು ಆಗ ಗಮನಿಸಲಿಲ್ಲ.

ಆಮೇಲಿನ ಮುಕ್ಕಾಲು ಗಂಟೆಯನ್ನು ನಾನು ಹೇಗೆ ಕಳೆದೆನೋ ಹೇಳಲಾರೆ. ಅತ್ತಿದ್ದೆ ಎಂದು ನೆನಪು. ಯಾರನ್ನೆಲ್ಲ ಬೈದೆ ಎಂದೂ ನೆನಪಿದೆ. ಮಾವನನ್ನು ಬೈದೆ, ಲಾರಿಯವನನ್ನು ಬೈದೆ, ಆ ಹಟ್ಟಿಯನ್ನು ಬೈದೆ. ಕೊನೆಗೆ, ಯಾರೂ ನೋಡುತ್ತಿಲ್ಲ ಎಂದು ಎರಡೆರಡು ಸಲ ಖಚಿತ ಮಾಡಿಕೊಂಡು, ಒಂದು ಕಲ್ಲು ಎತ್ತಿಕೊಂಡು ಬಂದು ಏಳನೆಯದರ ಹಿಂದೆ ಇಟ್ಟು ಅದರ ಪಕ್ಕ ನಿಂತೆ. ನಾಚಿಕೆಯಾಯಿತು. ಹೆಂಡತಿ ಸಾಯುತ್ತಿರುವಾಗ ಕಲ್ಲಿಗೆ ಕಾವಲು ನಿಂತ ಗಂಡ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಮೂರನೆಯ ಬಸ್ಸು ಬಂದದ್ದು ಮೂರು ಗಂಟೆಯ ಸುಮಾರಿಗೆ. ನಮ್ಮ ಕಂಪನಿಯದೇ. ತಿಪ್ಪೇಶಿ ಎನ್ನುವ ಹುಡುಗ ಅದರಲ್ಲಿ ಕಂಡಕ್ಟರ್, ನನ್ನ ಕೈಕೆಳಗೆ ಕೆಲಸ ಕಲಿತವನು. ಬಸ್ಸು ನಿಧಾನವಾಯಿತು, ನಿಂತಿತು. ಬಾಗಿಲು ಮೊದಲ ಕಲ್ಲಿನ ನೇರಕ್ಕೆ ಬಂದಿತ್ತು. ತಿಪ್ಪೇಶಿ ಕೆಳಗಿಳಿದು ಬಾಗಿಲು ಹಿಡಿದುಕೊಂಡು ನಿಂತ. ನಾನು ಸಾಲಿನ ಕೊನೆಯಿಂದ ಓಡಿದೆ, ಏಳು ಕಲ್ಲುಗಳನ್ನು ದಾಟಿ, ಅವನನ್ನು ಸವರಿಕೊಂಡು ಮೆಟ್ಟಿಲಿಗೆ ಹಾರಿದೆ. ಹಾರಿದವನು, ನಾಲ್ಕು ವರ್ಷ ದಿನಕ್ಕೆ ನೂರು ಸಲ ಮಾಡಿದ ಅಭ್ಯಾಸ, ಬಸ್ಸಿನ ಮೈಗೆ ಎರಡೇಟು ಬಡಿದು ಗಂಟಲು ಹರಿಯುವ ಹಾಗೆ ರೈಟ್ ಎಂದೆ. ಡ್ರೈವರನಿಗೆ ನನ್ನ ದನಿ ಗೊತ್ತು. ಬಸ್ಸು ಹೊರಟಿತು. ತಿಪ್ಪೇಶಿ ಓಡಿ ಬಂದು ಹತ್ತಬೇಕಾಯಿತು.

ಬಸ್ಸಿನೊಳಗೆ ಸೀಟು ಖಾಲಿ ಇದ್ದವು. ನಾನು ಏದುಸಿರು ಬಿಡುತ್ತ ತಿಪ್ಪೇಶಿಗೆ ಸಂಗತಿ ಹೇಳಿದೆ, ಬೇಗ ಓಡಿಸಲು ಹೇಳು ಎಂದೆ. ಅವನು ನನ್ನ ಮುಖವನ್ನೇ ನೋಡಿದ, ಹಿಂದಕ್ಕೆ ಹೋಗಿಬಿಟ್ಟ. ಕೂರಲು ಹೋದ ಸೀಟಿನಲ್ಲಿ ಇದ್ದವನು ತನ್ನ ಚೀಲವನ್ನು ನನ್ನ ಜಾಗಕ್ಕೆ ಎಳೆದುಕೊಂಡ. ಇನ್ನೊಂದು ಸೀಟಿನಲ್ಲಿದ್ದ ಹೆಂಗಸು ಮುಖ ತಿರುಗಿಸಿದಳು. ಇಡೀ ಬಸ್ಸು ನನ್ನನ್ನು ನೋಡುತ್ತಿತ್ತು, ಯಾವ ಕಣ್ಣಿನಲ್ಲೂ ಒಳ್ಳೆಯದಿರಲಿಲ್ಲ. "ನನ್ನ ಹೆಂಡ್ತಿ ಆಸ್ಪತ್ರೆಲಿದಾಳೆ," ಎಂದು ಯಾರಿಗೆಂದು ಇಲ್ಲದೆ ಹೇಳಿದೆ. ಮುಂದಿನ ಸೀಟಿನ ಒಬ್ಬ ಅಜ್ಜಿ, ಗುರುತಿಲ್ಲದವಳು, "ನಿನ್ನ ಹೆಂಡ್ತಿ ಹೆಂಡ್ತಿ. ಬ್ಯಾರೇರ ಹೆಂಡ್ರು ಮಕ್ಕಳು ಏನು ಕಲ್ಲೇನಪ್ಪ?" ಎಂದಳು. ಸ್ಟಾಫಿನವನು ಜೋರು ಮಾಡಿ ಬಸ್ಸು ಎಬ್ಬಿಸಿದ್ದಕ್ಕೆ ಸಿಟ್ಟು ಎಂದುಕೊಂಡೆ. ಹಿರಿಯೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದೆ.

ರತ್ನ ಬದುಕಿದಳು. ನಾನು ಹೋದ ಕೂಡಲೇ ನನ್ನ ತೋಳಿಗೆ ಸೂಜಿ ಹಾಕಿ ರಕ್ತ ತೆಗೆದರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಪಕ್ಕದ ಮಂಚದಿಂದ ಅವಳು ಕಣ್ಣು ತೆರೆದು ನನ್ನನ್ನು ನೋಡಿದ್ದು, ಮಗುವನ್ನು ಅತ್ತೆ ನನ್ನ ಎಡಗೈಗೆ ಕೊಟ್ಟದ್ದು, ಇದನ್ನೆಲ್ಲ ಬರೆದರೆ ಮುಗಿಯುವುದಿಲ್ಲ. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಇವತ್ತು ಕೇಳಿದರೂ, ಮತ್ತೆ ಅದೇ ದಿನ ಬಂದರೂ, ನಾನು ಆ ಬಸ್ಸು ಹತ್ತುತ್ತೇನೆ.

ಎರಡು ದಿನ ಬಿಟ್ಟು ರುದ್ರಪ್ಪ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಹೊರಗೆ ಕರೆದುಕೊಂಡು ಹೋಗಿ ಅವನ ಕೊರಳಪಟ್ಟಿ ಹಿಡಿದೆ. ನನ್ನ ಮುಖ ನೋಡಿಯೂ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ. ಅವನು ನಿಜವಾಗಿ ಗಾಬರಿಯಾದ.

"ನೀನಿದ್ದೆಯೇನೋ ಅಲ್ಲಿ? ನನ್ನ ತಾಯಾಣೆಗೂ ನೋಡ್ಲಿಲ್ಲ ಕಣೋ," ಎಂದ. "ಅಷ್ಟು ಜನ ನಿಂತಿದ್ರು, ನನ್ನ ಗಾಡಿಲಿ ಕಾಲಿಡಾಕೆ ಜಾಗ ಇರ್ಲಿಲ್ಲ. ಎಲ್ಲಿ ಹಾಕ್ಕಳ್ಳಲಿ?"

ಅವನು ಸುಳ್ಳು ಹೇಳುತ್ತಿದ್ದಾನೆ ಎಂದೇ ಅನಿಸಿತು. ನಾನು ಒಬ್ಬನೇ ಇದ್ದೆ, ನನ್ನನ್ನು ಬಿಟ್ಟರೆ ಒಂದು ನಾಯಿಯೂ ಇರಲಿಲ್ಲ ಎಂದು ಕೂಗಾಡಿದೆ. ಆಮೇಲೆ ಹಿರಿಯೂರಿನ ಸ್ಟ್ಯಾಂಡಿನಲ್ಲಿ ಬೇರೆ ಕಂಪನಿಯ ಆ ಡ್ರೈವರನನ್ನೂ ಹಿಡಿದು ಕೇಳಿದೆ. ಅವನಿಗೆ ನನ್ನ ಗುರುತೂ ಇರಲಿಲ್ಲ, ನನ್ನ ಸ್ನೇಹವೂ ಬೇಕಿರಲಿಲ್ಲ. "ರಸ್ತೆ ತುಂಬ ನಿಂತ್ಕಂಡಿದ್ರಲ್ರಿ ಜನ, ಅದರಾಗೆ ನೀವೂ ಒಬ್ರಾ?" ಎಂದು ಬೀಡಿ ಹಚ್ಚಿಕೊಂಡು ಹೋದ. ಇವರಿಬ್ಬರೂ ಸೇರಿ ನನಗೆ ಆಟ ಆಡಿಸಲು ಯಾವ ಕಾರಣವೂ ಇರಲಿಲ್ಲ.

ಉಳಿದವನು ತಿಪ್ಪೇಶಿ. ಅವನು ನನ್ನನ್ನು ಕಂಡರೆ ದಾರಿ ತಪ್ಪಿಸುತ್ತಿದ್ದ. ಮಗುವಿನ ನಾಮಕರಣಕ್ಕೆ ಕರೆದರೆ ಬರಲಿಲ್ಲ. ಒಂದು ಬೆಳಗ್ಗೆ ಹಿರಿಯೂರಿನ ಟೀ ಅಂಗಡಿಯಲ್ಲಿ ಒಬ್ಬನೇ ಕುಳಿತಿದ್ದವನ ಎದುರು ಹೋಗಿ ಕುಳಿತೆ. ಏನೋ ನಿನ್ನ ಕತೆ, ನಾನೇನು ಮಾಡಿದೆ ಎಂದು ಕೇಳಿದೆ. ಅವನು ಲೋಟ ಕೆಳಗಿಟ್ಟು ತಲೆ ಎತ್ತಿದ. ನನಗೆ ಯಾವತ್ತೂ 'ಅಣ್ಣ' ಎನ್ನದೆ ಮಾತಾಡದವನು ಆ ದಿನ ಹಾಗೆ ಕರೆಯಲಿಲ್ಲ.

"ನೀನು ಹತ್ತೋವಾಗ ನಿನ್ನ ಹೆಂಡ್ತಿ ವಿಷಯ ನಂಗೆ ಗೊತ್ತಿರ್ಲಿಲ್ಲ, ಸರಿ. ಆದ್ರೂ ಹಂಗೆ ಮಾಡ್ಬಾರದಿತ್ತು," ಎಂದ. "ಅವ್ರನ್ನ ಹತ್ತಿಸ್ಕಳಾಣ ಅಂತಾನೇ ನಾನು ನಿಲ್ಲಿಸ್ದೋನು. ಒಳಗೆ ಜಾಗ ಇತ್ತು. ಏಳು ಜನ ಪಾಪ, ಸಾಲಾಗಿ ನಿಂತಿದ್ರು. ನೀನು ಹಿಂದಿನಿಂದ ಬಂದು ಎಲ್ರನ್ನೂ ಮೊಣಕೈಲಿ ತಳ್ಕಂಡು ಹತ್ತಿದೆ. ಮುಂದಿದ್ದ ಹೆಂಗಸು ಬೀಳಂಗಾದ್ಲು. ಆದ್ರೂ ಸುಧಾರಿಸ್ಕಂಡು ಕೂಸನ್ನ ಎತ್ತಿ ನಿನಗೆ ತೋರಿಸಿದ್ಲು. ನಿನ್ನ ಮುಖಕ್ಕೇ ಹಿಡಿದಿದ್ಲು. ನೀನು ಅದರ ಕಡೆ ನೋಡ್ಕಂತಾನೇ ರೈಟ್ ಅಂದೆ."

ಕೂಸು ಹೇಗಿತ್ತು ಎಂದು ಕೇಳಬಹುದಿತ್ತು. ಅಳುತ್ತಿತ್ತೇ, ಕಣ್ಣು ಬಿಟ್ಟಿತ್ತೇ, ತಲೆ ನೆಟ್ಟಗಿತ್ತೇ. ತಿಪ್ಪೇಶಿ ಕಾಯುತ್ತಿದ್ದ ಎಂದು ಕಾಣುತ್ತದೆ. ನಾನು ಟೀಗೆ ದುಡ್ಡಿಟ್ಟು ಎದ್ದುಬಂದೆ. ಮರುವಾರವೇ ಸಾಹುಕಾರರ ಹತ್ತಿರ ಹೋಗಿ, ಹೆಂಡತಿಯ ಆರೋಗ್ಯದ ನೆಪ ಹೇಳಿ, ಚಿತ್ರದುರ್ಗ–ಹೊಳಲ್ಕೆರೆ ರೂಟು ಹಾಕಿಸಿಕೊಂಡೆ. ಕೆಲಸ ಬಿಡುವವರೆಗೂ ಮತ್ತೆ ಹಿರಿಯೂರು ರಸ್ತೆಗೆ ಡ್ಯೂಟಿ ಕೇಳಲಿಲ್ಲ. ಬಬ್ಬೂರಿನ ಮಾವನ ಮನೆಗೆ ಹೋಗುವಾಗಲೂ ಚಿತ್ರದುರ್ಗದ ಮೇಲೆ ಸುತ್ತಿಕೊಂಡು ಹೋಗುತ್ತೇನೆ. ಯಾಕೆ ಹೀಗೆ ಊರೆಲ್ಲ ಸುತ್ತಿಸುತ್ತೀರಿ ಎಂದು ರತ್ನ ಬೈಯುತ್ತಾಳೆ. ಅವಳಿಗೆ ಹೇಳಿಲ್ಲ. ಬಸ್ಸು ಸಿಕ್ಕದ್ದು ದೇವರ ದಯೆ ಎಂದು ಅವಳು ಬಂದವರಿಗೆಲ್ಲ ಹೇಳುವಾಗ ನಾನು ಒಳಗೆ ಎದ್ದು ಹೋಗುತ್ತೇನೆ.

ಬುದ್ಧಿವಂತರು ಇದನ್ನು ಬಿಡಿಸಿ ಹೇಳಬಹುದು. ಬಿಸಿಲಿಗೆ, ಹೆದರಿಕೆಗೆ ನನಗೆ ಮಂಕು ಕವಿದಿತ್ತು, ಜನ ಅಲ್ಲೇ ನಿಂತಿದ್ದರೂ ನನ್ನ ಕಣ್ಣಿಗೆ ಬೀಳಲಿಲ್ಲ ಎನ್ನಬಹುದು. ನಾನೂ ಹಾಗೆ ಹೇಳಿಕೊಂಡು ನೋಡಿದ್ದೇನೆ. ಆದರೆ ಎರಡು ಗಂಟೆ ಏಳು ಜನರ ನಡುವೆ ಒಬ್ಬನೇ ನಿಂತಿದ್ದೆ ಎಂದರೆ ಅದು ದೆವ್ವಕ್ಕಿಂತ ಹೆಚ್ಚು ಹೆದರಿಸುತ್ತದೆ. ಪಾಪದ ಫಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಫಲ ಎಲ್ಲಿ ಸಿಕ್ಕಿತು ನನಗೆ? ನನ್ನ ಹೆಂಡತಿ ಉಳಿದಳು, ನನ್ನ ಮಗಳು ಈಗ ಹೊಳಲ್ಕೆರೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ನನಗೆ ಯಾರೂ ಏನೂ ಮಾಡಲಿಲ್ಲ.

ಈಗ ಆ ರಸ್ತೆ ಅಗಲವಾಗಿದೆಯಂತೆ, ಹಟ್ಟಿ ಗೇಟಿನಲ್ಲಿ ತಂಗುದಾಣ ಕಟ್ಟಿದ್ದಾರಂತೆ. ಕಲ್ಲಿನ ಸಾಲು ಇದೆಯೋ ಇಲ್ಲವೋ ನಾನು ನೋಡಿಲ್ಲ. ಹತ್ತುವ ಆತುರದಲ್ಲಿ ನನ್ನ ಕಲ್ಲನ್ನು ನಾನು ಸರಿಸಿ ಬಂದಿರಲಿಲ್ಲ ಎನ್ನುವುದು ಮಾತ್ರ ಆಗಾಗ ನೆನಪಾಗುತ್ತದೆ. ಆ ಸಾಲಿನಲ್ಲಿ ಯಾರಿದ್ದರು, ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ರುದ್ರಪ್ಪ ತೀರಿಕೊಂಡ, ತಿಪ್ಪೇಶಿ ಎಲ್ಲಿದ್ದಾನೋ ತಿಳಿಯದು. ಅವರು ಕಂಡದ್ದೆಲ್ಲ ಸುಳ್ಳೇ ಇರಬಹುದು. ರೈಟ್ ಎಂದವನು ಮಾತ್ರ ನಾನೇ, ಎರಡು ಸಲವೂ.